ಚಿಗವ್ವ ಬಾಯಿಬಿಡದ ಪಾಸ್‌ವರ್ಡ್

ಪ್ರತಿಯೊಂದು ಬಳಗಕ್ಕೂ ಒಬ್ಬ ಕಂಪ್ಯೂಟರ್ ಪಂಡಿತ ಇರುತ್ತಾನೆ. ನಮ್ಮ ಬಳಗಕ್ಕೆ ನಾನು. ಅರ್ಹತೆ ಏನೆಂದು ಮಾತ್ರ ಕೇಳಬೇಡಿ. ವಿಜಯಪುರದ ಸ್ಟೇಷನ್ ರಸ್ತೆಯ ನಮ್ಮ ಆಫೀಸಿನಲ್ಲಿ ಪ್ರಿಂಟರ್ ಕೈಕೊಟ್ಟಾಗ ಅದನ್ನು ಆರಿಸಿ ಮತ್ತೆ ಹಚ್ಚುವವನು ನಾನೇ. ಅಷ್ಟರ ಮೇಲೆಯೇ ಇಷ್ಟು ವರ್ಷ ಹೆಸರು ಉಳಿಸಿಕೊಂಡು ಬಂದಿದ್ದೇನೆ. ಹೀಗಾಗಿ ಹೊನವಾಡದಿಂದ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಫೋನ್ ಮಾಡಿ, "ಬಾಜೂ ಮನಿಯವರ ಕಂಪ್ಯೂಟರಿನಾಗ ಯಾವನೋ ಕಳ್ಳ ಹೊಕ್ಕು ಫೋಟೋ ಎಲ್ಲಾ ಅಳಿಸಿ ಹೋಗ್ಯಾನಂತಪಾ. ನಮ್ಮದರಾಗ ಅವ್ವನ ಪದಾ ಅದಾವು. ಆ ದನಿ ಹೋದ್ರ ಮತ್ತ ಎಲ್ಲಿಂದ ತರಲಿ?" ಎಂದಾಗ ತಡಮಾಡದೆ ಬಸ್ಸು ಹತ್ತಿದೆ. ತೀರಿಹೋದ ನಮ್ಮಜ್ಜಿ ಹಾಡಿದ ಬೀಸುವ ಪದಗಳು ಅವು. ಚಿಗವ್ವನೇ ರೆಕಾರ್ಡ್ ಮಾಡಿ ಇಟ್ಟಿದ್ದಳು.

ಹೋದವನೇ ವೈರಸ್ ತಡೆಯುವ ವ್ಯವಸ್ಥೆ ಮಾಡಿದೆ. ವೈ-ಫೈಗೆ ಪಾಸ್‌ವರ್ಡೇ ಇರಲಿಲ್ಲ. ಹಿತ್ತಲ ಬಾಗಿಲು ಹಾರುಹೊಡೆದು ಬಿಟ್ಟ ಹಾಗೆ. ಏನಿಡುವುದು? ಚಿಗವ್ವ ಮದುವೆಯಾದಾಗಿನಿಂದ ಗಂಡನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡನ್ನೇ ಮುಂದೆ ಹಿಡಿಯುತ್ತಾಳೆ. ಪ್ರಾಣ ಹೋದರೂ ಬಾಯಿಗೆ ಬಾರದ ಮಾತು ಮನೆಯಲ್ಲೇ ಇರುವಾಗ ಬೇರೆ ಯಾಕೆ? ಕಂಪ್ಯೂಟರಿಗೂ ವೈ-ಫೈಗೂ ಚಿಗಪ್ಪನ ಹೆಸರನ್ನೇ ಇಟ್ಟೆ: ಗಿರಿಮಲ್ಲಪ್ಪ. ಮನೆಯವರ ಹೆಸರು ಇಡಬಾರದೆಂದು ತಿಳಿದವರು ಹೇಳುತ್ತಾರೆ, ನಿಜ. ಪಾಪ, ಅವರು ನಮ್ಮ ಚಿಗವ್ವನನ್ನು ನೋಡಿಲ್ಲ.

ಹದಿನೈದು ದಿನ ಬಿಟ್ಟು ಹೋದರೆ ಅವಳ ಮನೆಯ ಕಟ್ಟೆಯ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು. ಚಿಗಪ್ಪನ ವೈ-ಫೈ ಊರ ಬಾವಿಯಾಗಿತ್ತು.

"ಯಾರಿಗೆ ಹೇಳಿದಿ ಬೇ ಚಿಗವ್ವಾ?"

"ಯಾರಿಗೂ ಹೇಳಿಲ್ಲೋ ಯಪ್ಪಾ! ಬಾಜೂ ಮನಿ ಗೌರಕ್ಕ ಕೇಳಿದ್ಲು. 'ಅದನ್ನ ನನ್ನ ಬಾಯಿಲೆ ಹ್ಯಾಂಗ ಹೇಳಲಿ ಬೇ' ಅಂದ್ನಿ. ಅಷ್ಟ."

ಅಷ್ಟೇ ಸಾಕಾಗಿತ್ತು. ಗಂಡನ ಹೆಸರು ಹೇಳದ ಹೆಂಗಸರೇ ತುಂಬಿದ ಓಣಿಯಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ನಾನು ಮುಚ್ಚಿಸಿದ್ದು ಒಂದೇ ಬಾಯಿ. ಉಳಿದ ಊರೆಲ್ಲ ಆ ಹೆಸರನ್ನು ದಿನವೂ ಕೂಗಿ ಕರೆಯುತ್ತಿತ್ತು.

ಓಡಿಹೋಗಿ ಕಂಪ್ಯೂಟರ್ ತೆಗೆದೆ. ಅಜ್ಜಿಯ ಒಂದು ಪದವೂ ಅಲ್ಲಿರಲಿಲ್ಲ. ಈ ಮುಖ ಎತ್ತಿಕೊಂಡು ಅವ್ವನ ಮುಂದೆ ಹೇಗೆ ನಿಲ್ಲಲಿ ಅನ್ನಿಸಿತು.

"ಯಾಕ ಬೆವರಾಕತ್ತೀ?" ಎಂದಳು ಚಿಗವ್ವ. "ನೀ ಹ್ವಾದ ಮರುದಿನಾನ ನಾನ ತಗದೇನಿ. ಎರಡು ಪೆನ್‌ಡ್ರೈವಿನಾಗ ಹಾಕೇನಿ. ಒಂದು ದೇವರ ಜಗಲಿ ಮ್ಯಾಲ ಐತಿ, ಒಂದು ನಿಮ್ಮವ್ವನ ಟ್ರಂಕಿನಾಗ. ಬಿತ್ತೂ ಬೀಜಾ ಎಲ್ಲಾ ಒಂದ ಚೀಲದಾಗ ಇಡತಾರೇನೋ ಹುಚ್ಚಪ್ಪಾ?"

ನಾನು ಹೋದ ಮರುದಿನವೇ! ಪಂಡಿತನ ಮೇಲೆ ಅವಳಿಗಿದ್ದ ನಂಬಿಕೆ ಅಷ್ಟು. ಆದರೂ ಅಜ್ಜಿಯ ದನಿ ಉಳಿದಿತ್ತಲ್ಲ, ಖುಷಿಗೆ ಕಣ್ಣು ತುಂಬಿ ಬಂತು. ಹೊಸ ಪಾಸ್‌ವರ್ಡ್ ಹಾಕೋಣ ಎಂದೆ. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, "ನೀ ಅತ್ಲಾಗ ಮುಖಾ ಮಾಡು" ಎಂದಳು. ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಮರಳುವಾಗ ಬಸ್ಸು ಟಿಕೋಟಾ ದಾಟಿದ ಮೇಲೆ ನೆನಪಾಯಿತು: ನಮ್ಮ ಮನೆಯ ಪಾಸ್‌ವರ್ಡ್ ನನ್ನ ಹೆಂಡತಿಯ ಹೆಸರು. ಚಹಾ ಬೇಕಾದಾಗಲೆಲ್ಲ ಅದನ್ನು ಇಡೀ ಓಣಿಗೆ ಕೇಳುವಂತೆ ಕೂಗುವವನು ನಾನೇ.