ಹೆಪ್ಪಿಗೆ ನಾನು ಮಾಡಿದ ಶಾಶ್ವತ ವ್ಯವಸ್ಥೆ

ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ನಿವೃತ್ತನಾದ ನನಗೆ ಅವ್ಯವಸ್ಥೆ ಕಂಡರೆ ಆಗುವುದಿಲ್ಲ. ಕೊಟ್ಟೂರಿನ ನಮ್ಮ ವಠಾರದಲ್ಲಿ ಅದಕ್ಕೇನೂ ಬರವಿರಲಿಲ್ಲ. ಒಂದೇ ಅಂಗಳದ ಸುತ್ತ ಸಾಲು ಮನೆಗಳು, ಇರುವವರೆಲ್ಲ ನನ್ನಂಥ ಮುದುಕರು. ಮೊಬೈಲ್ ಇನ್ನೂ ಬಂದಿರದ ಕಾಲ.

ಹೆಂಡತಿ ತೀರಿಕೊಂಡ ಮೇಲೆ ಇವರ ಕಾಟ ವಿಪರೀತವಾಯಿತು. ಬೆಳಿಗ್ಗೆ ಬಾಗಿಲು ತೆಗೆಯುವುದೇ ತಡ, ವಠಾರಕ್ಕೆಲ್ಲ ಎಮ್ಮೆ ಹಾಲು ಹಾಕುವ ಗೌರಮ್ಮ ಬಟ್ಟಲು ಹಿಡಿದು ಹೆಪ್ಪು ಕೇಳಲು ಬರುವರು. ಕೊಟ್ಟರೆ ಹೋಗಬೇಕಲ್ಲ? ಹೊಸ್ತಿಲಲ್ಲಿ ಕೂತು, ರಾತ್ರಿ ಏನು ಉಂಡಿರಿ, ನಿದ್ದೆ ಬಂತೇ ಎಂದು ವಿಚಾರಣೆ. ಅವರು ಎದ್ದರೆ ಪಕ್ಕದ ಮನೆಯ ಬಸಪ್ಪ ಹಾಜರು, ಟೈಮ್ ಎಷ್ಟಾಯಿತು ಎಂದು ಕೇಳಲು. ಮಧ್ಯಾಹ್ನ ಮತ್ತೆ ಅದೇ ಪ್ರಶ್ನೆ.

ಸಾರ್ವಜನಿಕ ಹಿತದೃಷ್ಟಿಯಿಂದ ನಾನು ಕ್ರಮ ಕೈಗೊಂಡೆ. ಅಂಗಳದ ಗೋಡೆಗೆ ದೊಡ್ಡ ಗಡಿಯಾರ ತೂಗುಹಾಕಿದೆ. ಡಬ್ಬಿಯಲ್ಲಿ ಹೆಪ್ಪು ತುಂಬಿ ಕಟ್ಟೆಯ ಮೇಲಿಟ್ಟು, ಇನ್ನು ಯಾರೂ ನನ್ನ ಬಾಗಿಲು ತಟ್ಟುವ ಅಗತ್ಯವಿಲ್ಲ ಎಂದು ಘೋಷಿಸಿದೆ. ಗೌರಮ್ಮ ಬಸಪ್ಪನ ಮುಖ ನೋಡಿದರು. ನನ್ನ ಜಾಣತನಕ್ಕೆ ಬೆರಗಾದರೆಂದೇ ತಿಳಿದೆ!

ವ್ಯವಸ್ಥೆ ಸಂಪೂರ್ಣ ಯಶಸ್ವಿಯಾಯಿತು. ಯಾರೂ ಬರಲಿಲ್ಲ. ಹಾಲು ಕೂಡ ಸದ್ದಿಲ್ಲದೆ ಬಾಗಿಲ ಬಳಿಯ ಚೆಂಬಿಗೆ ಬಂದು ಬೀಳತೊಡಗಿತು. ಸ್ವಲ್ಪ ದಿನದಲ್ಲೇ ನನಗೆ ಅಡುಗೆಗೂ ಮನಸ್ಸಿಲ್ಲ, ಸ್ನಾನಕ್ಕೂ ಮನಸ್ಸಿಲ್ಲ. ಮಾತಿಗೆ ಉಳಿದದ್ದು ಗೋಡೆಯ ಹಲ್ಲಿ ಒಂದೇ. ನಿಜಕ್ಕೂ ಹೆದರಿದೆ.

ಒಂದು ಸಂಜೆ ತಡೆಯಲಾರದೆ ಬಟ್ಟಲು ಹಿಡಿದು ಗೌರಮ್ಮನ ಮನೆಗೆ ಹೋದೆ. ಬಸಪ್ಪ ಅಲ್ಲೇ ಚಹಾ ಕುಡಿಯುತ್ತಿದ್ದ. ಲೋಟ ಎತ್ತಿದಾಗ ಅಂಗಿಯ ತೋಳು ಜಾರಿ ಕೈಯ ವಾಚು ಕಂಡಿತು. ಅವನ ಹಿಂದೆ ನೆಲುವಿನಲ್ಲಿ ಗಡಿಗೆ ತುಂಬ ಮೊಸರು. ಎಮ್ಮೆ ಕಟ್ಟಿದವರಿಗೆ, ಅವರಿಂದಲೇ ಕಾಲು ಲೀಟರ್ ಹಾಲು ಕೊಳ್ಳುವ ನನ್ನ ಹೆಪ್ಪು! ಯಾಕೆ ಬರುತ್ತಿದ್ದರೆಂದು ಆಗ ಹೊಳೆಯಿತು. ನಾಚಿಕೆಯಿಂದ ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

‘ಏನ್ ಬೇಕಾಗಿತ್ರಿ ಸಾಹೇಬ್ರ?’ ಗೌರಮ್ಮ ಕೇಳಿದರು.

‘ಹೆಪ್ಪು’ ಎಂದೆ.

‘ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಂಗಿಲ್ರಿ. ಕುಂದರ್ರಿ, ಚಾ ಕುಡೀರಿ. ಮುಂಜಾನಿ ನಾನ ಬಂದು ಕೇಳ್ತೀನಿ, ನೀವು ಕೊಡ್ರಿ.’

ಬೆಳಗಾಗುವ ಮೊದಲೇ ಬಾಗಿಲು ತೆರೆದು ಕೂತೆ. ಗೌರಮ್ಮ ಬಂದರು. ಒಳಗೆ ಹೋಗಿ ನೋಡಿದರೆ, ಕಾಸಲು ಮರೆತ ಹಾಲು ಒಡೆದು ನೀರಾಗಿತ್ತು. ಅದನ್ನೇ ಬಟ್ಟಲಿಗೆ ಹಾಕಿ ತಲೆ ತಗ್ಗಿಸಿ ಕೊಟ್ಟೆ. ಹೆಪ್ಪು ಚಲೋ ಐತಿ ಎಂದು ಹೊಗಳಿ ಹೊಸ್ತಿಲಲ್ಲಿ ಕೂತರು.

ಅಷ್ಟರಲ್ಲಿ ಬಸಪ್ಪನೂ ಬಂದ. ಗೋಡೆಯ ಗಡಿಯಾರದ ಕೆಳಗೇ ನಿಂತು, ಟೈಮ್ ಎಷ್ಟಾತ್ರಿ ಎಂದು ಕೇಳಿದ.

ನಾನು ಕತ್ತೆತ್ತಲಿಲ್ಲ. ಒಳಗೆ ಹೋಗಿ ನೋಡಿಕೊಂಡು ಬಂದು ಹೇಳಿದೆ.