ಹುರಿದು ತಿಂದಾದ ಮೇಲೂ ಕೆರೆಯಲ್ಲಿ ಈಜುತ್ತಿರುವ ಮೀನಿನವರಿಗೆ

ಗೆ,
ಮಾನ್ಯ ಹಿರಿಯ ಮೀನಿನವರು,
ಮೂರನೇ ಮೆಟ್ಟಿಲಿನ ಕೆಳಗೆ, ಬಲಗಡೆಯ ಕಲ್ಲಿನ ಸಂದಿ,
ಕುಡಿಯುವ ನೀರಿನ ಕೆರೆ.

ವಿಷಯ: ತಾವು ಬದುಕಿರುವ ಬಗ್ಗೆ ದೂರು.

ಮಾನ್ಯರೇ,

ತಮಗೂ, ತಮ್ಮ ಕುಟುಂಬದವರಿಗೂ, ತಮ್ಮ ನೆರೆಹೊರೆಯ ಕಪ್ಪೆ, ಏಡಿ, ನೀರುಹಾವುಗಳಿಗೂ ನನ್ನ ಅನಂತ ನಮಸ್ಕಾರಗಳು. ಪತ್ರದ ಮೊದಲಲ್ಲಿ ಆರೋಗ್ಯ ವಿಚಾರಿಸುವುದು ಸಜ್ಜನರ ಪದ್ಧತಿಯೆಂದು ಬಲ್ಲೆ. ಆದರೆ ತಮ್ಮ ಆರೋಗ್ಯವೇ ಈ ದೂರಿಗೆ ಕಾರಣವಾಗಿರುವುದರಿಂದ ಅದನ್ನು ವಿಚಾರಿಸದೆ ಮುಂದುವರಿಯುತ್ತಿದ್ದೇನೆ, ತಪ್ಪು ತಿಳಿಯಬಾರದು.

ತಮಗೆ ನೆನಪಿಲ್ಲದೆ ಹೋಗಿರಬಹುದು, ಆದ್ದರಿಂದ ನಾನೇ ನೆನಪಿಸುತ್ತೇನೆ. ಕಳೆದ ತಿಂಗಳ ಹನ್ನೆರಡನೇ ತಾರೀಖು ತಾವು ನನ್ನ ಗಾಳಕ್ಕೆ ಸಿಕ್ಕಿ, ಮುಕ್ಕಾಲು ಗಂಟೆ ಜಗ್ಗಾಡಿ, ಕೊನೆಗೆ ನನ್ನ ತೋಳ್ಬಲಕ್ಕೆ ಸೋತು, ನಮ್ಮ ಮನೆಯ ಬಾಣಲೆಯಲ್ಲಿ ಹದವಾಗಿ ಹುರಿಯಲ್ಪಟ್ಟು, ಇಬ್ಬರ ಹೊಟ್ಟೆ ಸೇರಿ, ಉಳಿದ ಎರಡು ತುಂಡು ಪಕ್ಕದ ಮನೆಗೂ ಹೋಗಿದ್ದೀರಿ. ಹೀಗೆ ನಾನು ನನ್ನ ಮಗಳಿಗೆ ಫೋನಿನಲ್ಲಿ ವಿವರವಾಗಿ ವರದಿ ಮಾಡಿದ್ದೇನೆ. ವಿಷಯ ಇಷ್ಟು ಸ್ಪಷ್ಟವಾಗಿರುವಾಗ, ಕಳೆದ ಬುಧವಾರ ಮಧ್ಯಾಹ್ನ ಒಂದು ಐವತ್ತಕ್ಕೆ, ಅದೇ ಮಗಳ ಕಣ್ಣೆದುರಿಗೆ, ಎರಡು ಮೀಸೆ ಅಲ್ಲಾಡಿಸಿಕೊಂಡು, ಬಾಲದ ಮೇಲಿನ ಎಸಳಿನಲ್ಲಿರುವ ಆ ಬೆರಳಗಲದ ಕಚ್ಚನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ ತೋರಿಸಿ, ತಾವು ನೀರಿನ ಮೇಲೆ ಬಂದದ್ದು ಯಾವ ಸೌಜನ್ಯ? ಒಮ್ಮೆ ತಿಂದಾದ ಮೇಲೆ ಮತ್ತೆ ಕಾಣಿಸಿಕೊಳ್ಳಬಾರದೆಂಬ ಸಾಮಾನ್ಯ ತಿಳಿವಳಿಕೆ ತಮ್ಮಂಥ ಹಿರಿಯರಿಗೆ ಇರಬೇಡವೇ?

ತಮ್ಮ ಪರಿಚಯ ಊರಿಗೆಲ್ಲ ಇದೆ. ನನ್ನ ಪರಿಚಯ ತಮಗಿಲ್ಲ. ನಾನು ಕೆರೆಯ ಹಿಂಬದಿಯಲ್ಲಿರುವ ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷದಿಂದ ವೇಳಾಪಟ್ಟಿಯ ಗುಮಾಸ್ತ. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕೆಂದು ಬರೆಯುವವನೂ ನಾನೇ, ಹೊರಡದಿದ್ದರೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂಗುವವನೂ ನಾನೇ. ನನ್ನ ಕೂಗಿಗೆ ಎಂಜಿನ್ನು ತಾನಾಗಿಯೇ ಸ್ಟಾರ್ಟ್ ಆಗುತ್ತದೆಂದು ಚಾಲಕರು ಹೇಳುವುದುಂಟು. ನನಗೆ ಮೀನಿನ ಹುಚ್ಚು ಇರಲಿಲ್ಲ. ಎಂದೋ ಒಮ್ಮೆ, ನಿವೃತ್ತಿಯಾದ ಮೇಲೆ ಗಾಳ ಹಾಕಿಕೊಂಡು ಸುಮ್ಮನೆ ಕೂರಬೇಕು ಎಂದು ಊಟದ ಹೊತ್ತಿನಲ್ಲಿ ಆಡಿದ ಮಾತನ್ನು ಮಗಳು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ದೂರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕ ಮೊದಲ ತಿಂಗಳೇ ಒಂದು ಗಾಳದ ಕೋಲು ಕಳಿಸಿದಳು. ಮೂರು ಭಾಗವಾಗಿ ಬಿಚ್ಚಿ ಜೋಡಿಸುವಂಥದ್ದು, ಹಿಡಿಗೆ ಬೆಂಡಿನ ಕವಚ. ಅಂಥ ಕೋಲನ್ನು ಕೈಯಲ್ಲಿ ಹಿಡಿದ ಮೇಲೆ ಹೇಗೆಂದರೆ ಹಾಗೆ ಹೋಗಿ ಕೂರಲು ನನಗೆ ಮನಸ್ಸು ಬರಲಿಲ್ಲ.

ಆದ್ದರಿಂದ ತಮಗಾಗಿ ಒಂದು ವೇಳಾಪಟ್ಟಿ ತಯಾರಿಸಿದೆ. ಡಿಪೋದ ದೊಡ್ಡ ಹಾಳೆಯಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದು, ಹುಣ್ಣಿಮೆಗೆ ಕೆಂಪು, ಅಮಾವಾಸ್ಯೆಗೆ ಕಪ್ಪು, ಗಾಳಿಯ ದಿಕ್ಕಿಗೆ ಬಾಣ, ಮೋಡಕ್ಕೆ ಸೊನ್ನೆ. ವಾಯುಭಾರ ಇಳಿದರೆ ಮೀನಿಗೆ ಹಸಿವು ಎಂದು ಒಂದು ಪುಸ್ತಕ ಹೇಳಿದರೆ, ಏರಿದರೆ ಹಸಿವು ಎಂದು ಇನ್ನೊಂದು ಹೇಳಿತು. ಯಾರಿಗೂ ಬೇಸರವಾಗದಿರಲೆಂದು ಎರಡನ್ನೂ ಬರೆದುಕೊಂಡೆ. ಉಬ್ಬರ ಇಳಿತದ ಅಂಕಣಕ್ಕೆ ಬಂದರಿನ ಪಟ್ಟಿಯೊಂದನ್ನು ತರಿಸಿದೆ. ಸಮುದ್ರ ಇಲ್ಲಿಂದ ರೈಲಿನಲ್ಲಿ ಒಂದು ಹಗಲಿನ ದಾರಿ, ಇದು ಕೆರೆ, ಕೆರೆಗೆಲ್ಲಿಯ ಉಬ್ಬರ ಎಂದು ನನ್ನ ಮನೆಯವಳು ಹುರುಳಿಕಾಯಿಯ ನಾರು ತೆಗೆಯುತ್ತಲೇ ಕೇಳಿದಳು. ಎಲ್ಲ ನೀರೂ ಒಂದೇ ನೀರು ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಅವಳು ನಾರು ತೆಗೆಯುವುದನ್ನು ಮುಂದುವರಿಸಿದಳು.

ಆದರೆ ಮಾನ್ಯರೇ, ಗೆದ್ದವನು ನಾನೇ! ನನ್ನ ಕೋಣೆಯ ಕಿಟಕಿಗೆ ಕಾಣುವ ಹಾಗೆ ಕೆರೆಯಲ್ಲಿ ಗೆರೆ ಹಾಕಿದ ಕೋಲೊಂದನ್ನು ನೆಟ್ಟೆ. ನಾಲ್ಕು ತಿಂಗಳು, ದಿನಕ್ಕೆ ಆರು ಸಲ, ಕನ್ನಡಕ ಒರೆಸಿಕೊಂಡು ನೋಡಿದೆ. ಬೆಳಿಗ್ಗೆ ಏಳು ಇಪ್ಪತ್ತರಿಂದ ನೀರು ಇಳಿಯುತ್ತದೆ, ಹನ್ನೆರಡೂವರೆಗೆ ನಾಲ್ಕು ಬೆರಳು ತಗ್ಗಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಒಂದು ಹತ್ತಕ್ಕೆ ಸರಿಯಾಗಿ, ಮೆಟ್ಟಿಲನ್ನು ನನ್ನ ಕಿಟಕಿಗೆ ಮರೆಮಾಡುವ ಗೋಡೆಯ ಪಕ್ಕ, ತಮ್ಮ ಅಗಲವಾದ ಬೆನ್ನು ನೀರಿನ ಮೇಲೆ ಹೊಳೆಯುತ್ತದೆ. ಒಂದು ದಿನವೂ ತಪ್ಪಿಲ್ಲ. ಬಂದರಿನ ಪಟ್ಟಿಯಲ್ಲಿ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಂದೆ ಹೋಗುತ್ತಿತ್ತು, ನಮ್ಮ ಕೆರೆಯಲ್ಲಿ ಹೋಗುತ್ತಿರಲಿಲ್ಲ. ಸಮುದ್ರಕ್ಕೆ ಶಿಸ್ತಿಲ್ಲ ಎಂದು ಷರಾ ಬರೆದು ಆ ಅಂಕಣವನ್ನು ಹೊಡೆದು ಹಾಕಿದೆ. ಹೊಟ್ಟೆಪಾಡಿಗೆ ಗುಮಾಸ್ತನಾಗದಿದ್ದರೆ ನಾನು ವಿಜ್ಞಾನಿಯಾಗುತ್ತಿದ್ದೆನೆಂದು ಆ ದಿನಗಳಲ್ಲಿ ನನಗೆ ಅನ್ನಿಸಿದ್ದುಂಟು.

ಇನ್ನು ತಮ್ಮ ಪ್ರತಿಭೆಯನ್ನು ಹೊಗಳದೆ ಇರಲಾರೆ. ಕಿಟಕಿಯಲ್ಲಿ ಕೂತು ನೋಡಿದ ದಿನಗಳಲ್ಲೆಲ್ಲ ನಿಮಿಷ ತಪ್ಪದೆ ಬಂದ ತಾವು, ನಾನು ರಜೆ ಹಾಕಿ ಗಾಳ ಹಿಡಿದು ಮೆಟ್ಟಿಲ ಮೇಲೆ ಕೂತ ಹನ್ನೊಂದು ದಿನಗಳಲ್ಲಿ ಒಂದು ದಿನವೂ ಬರಲಿಲ್ಲ. ಹನ್ನೆರಡೂವರೆಗೆ ಕೂತು, ಒಂದೂವರೆಗೆ ಪಟ್ಟಿಯ ಪ್ರಕಾರ ಗಂಟುಮೂಟೆ ಕಟ್ಟಿ ಎದ್ದು ಬಂದೆ. ನೀರಿನ ಮಟ್ಟ ಕೂಡ ಆ ದಿನಗಳಲ್ಲಿ ಪಟ್ಟಿಗಿಂತ ಮೇಲೆಯೇ ಇರುತ್ತಿತ್ತು. ನಾನು ಕಾಲು ಇಳಿಬಿಟ್ಟು ಕೂತದ್ದರಿಂದ ಕೆರೆ ಏರಿರಬೇಕೆಂದು ಬರೆದುಕೊಂಡೆ. ರಜೆ ಅರ್ಜಿಯ ಸುದ್ದಿ ತಮಗೆ ಯಾರೋ ಮುಟ್ಟಿಸುತ್ತಿದ್ದಾರೆಂಬ ಗುಮಾನಿಯಿಂದ ಒಮ್ಮೆ ಹೊಟ್ಟೆನೋವೆಂದು ಸುಳ್ಳು ಹೇಳಿ ರಜೆ ಹಾಕಿದೆ. ಅದೂ ತಮಗೆ ಗೊತ್ತಾಯಿತು.

ಇತ್ತ ಮಗಳು ಪ್ರತಿ ಭಾನುವಾರ ಫೋನು ಮಾಡಿ, ಮಾತಿನ ಮೊದಲಿಗೇ, ಮೀನು ಸಿಕ್ಕಿತೇ ಎಂದು ಕೇಳುವಳು. ಗಾಳಿ ಸರಿಯಿರಲಿಲ್ಲ ಎಂದೆ, ಚಂದ್ರ ಕೈಕೊಟ್ಟ ಎಂದೆ, ಎರೆಹುಳು ಸೊರಗಿತ್ತು ಎಂದೆ. ಕಳೆದ ತಿಂಗಳು ಅವಳ ದನಿ ಬಹಳ ಸೋತಿತ್ತು. ಸತತವಾಗಿ ಎರಡು ಪಾಳಿ ಮಾಡಿ ಬಂದಿದ್ದಳು, ವಾರ್ಡಿನಲ್ಲಿ ಏನೋ ಆಗಬಾರದ್ದು ಆಗಿತ್ತು, ಅದನ್ನು ಹೇಳಲು ಅವಳಿಗೆ ಇಷ್ಟವಿರಲಿಲ್ಲ. ಆದರೂ ಅಭ್ಯಾಸದಂತೆ ಮೀನಿನ ಬಗ್ಗೆ ಕೇಳಿದಳು. ನನ್ನ ಬಾಯಿಯಿಂದ ಸಿಕ್ಕಿತು ಎಂದು ಬಂದುಬಿಟ್ಟಿತು. ಅವಳು ನಕ್ಕಳು. ಎಷ್ಟೋ ದಿನದಿಂದ ಕೇಳದ ನಗು ಅದು. ಇನ್ನೊಂದಿಷ್ಟು ನಗಲೆಂದು ನಾನು ಮೀನನ್ನು ಇನ್ನೊಂದು ಮೊಳ ಉದ್ದ ಮಾಡಿದೆ, ಮೀಸೆ ಇಟ್ಟೆ, ಬಾಲದಲ್ಲಿ ಕಚ್ಚು ಇಟ್ಟೆ. ಕಿಟಕಿಯಿಂದ ನೋಡಿ ನೋಡಿ ತಮ್ಮ ರೂಪ ನನಗೆ ಬಾಯಿಪಾಠವಾಗಿತ್ತು. ಬಾಣಲೆಯ ಪ್ರಸಂಗ ಬಂದಾಗ ಪಕ್ಕದಲ್ಲೇ ಇದ್ದ ನನ್ನ ಮನೆಯವಳು ಹುಬ್ಬು ಮೇಲೆತ್ತಿ ನೋಡಿ ಒಳಗೆ ಹೋದಳು.

ಆ ಸುಳ್ಳು ಅಲ್ಲಿಗೇ ನಿಂತಿದ್ದರೆ ತಮಗೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಮಗಳು ನಾಲ್ಕು ದಿನದ ರಜೆಗೆಂದು ಬಂದವಳು, ಅಪ್ಪ ಮೀನು ಹಿಡಿಯುವುದನ್ನು ನೋಡಲೇಬೇಕೆಂದು ಹಟ ಹಿಡಿದಳು. ಹುಣ್ಣಿಮೆಯಿಂದ ಮೂರನೇ ದಿನ, ತೆಳುಮೋಡ, ಮೂಡುಗಾಳಿ. ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ದಿನವಿರಲಿಲ್ಲ, ಮತ್ತೆ ರಜೆ ಹಾಕಿದೆ. ಅವಳ ಅಮ್ಮ ಇಬ್ಬರಿಗೂ ಡಬ್ಬಿ ಕಟ್ಟಿಕೊಟ್ಟಳು. ನಾವು ಹನ್ನೆರಡೂವರೆಗೆ ಕೂತೆವು. ಒಂದು ಹತ್ತಾಯಿತು, ಒಂದೂವರೆಯಾಯಿತು, ನಾನು ಎದ್ದು ಕೋಲು ಬಿಚ್ಚತೊಡಗಿದೆ. ಇನ್ನೊಂದು ಸ್ವಲ್ಪ ಹೊತ್ತು ಕೂತಿರೋಣ ಅಪ್ಪ, ಇಲ್ಲಿ ಚೆನ್ನಾಗಿದೆ ಎಂದು ಅವಳು ನನ್ನ ತೋಳು ಹಿಡಿದು ಕೂರಿಸಿದಳು. ಮೀನು ಬರದಿದ್ದರೆ ಸಾಕಪ್ಪಾ ಎಂದು ನಾನು ಜೀವನದಲ್ಲಿ ಮೊದಲ ಸಲ ಬೇಡಿಕೊಂಡದ್ದು ಆಗಲೇ.

ಒಂದು ಐವತ್ತಕ್ಕೆ ಪಂಪ್‌ಹೌಸಿನ ಬಾಗಿಲು ತೆರೆದು, ಖಾಲಿ ಊಟದ ಡಬ್ಬಿ ಹಿಡಿದು, ನನ್ನ ಬಾಮೈದ ಹೊರಗೆ ಬಂದ. ಇವನು ನನ್ನ ಹೆಂಡತಿಯ ತಮ್ಮ, ಊರಿಗೆ ನೀರು ಬಿಡುವ ಪಂಪು ನಡೆಸುವವನು. ಅವನ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಅವನನ್ನು ಕೇಳುವುದಕ್ಕಿಂತ ಚಂದ್ರನನ್ನು ಕೇಳುವುದು ಮೇಲು ಎಂದುಕೊಂಡವನು ನಾನು. ಅವನು ನಮಗೊಂದು ನಗೆ ಬೀರಿ, ಮೂರನೇ ಮೆಟ್ಟಿಲಿಗೆ ಇಳಿದು, ಡಬ್ಬಿಯನ್ನು ನೀರಿನಲ್ಲಿ ಅದ್ದಿ ಗಲಬರಿಸಿದ. ಅನ್ನದ ಅಗುಳು ತೇಲಿತು. ತಾವು ಬಂದಿರಿ.

ಮಗಳು ತಮ್ಮ ಮೀಸೆ ನೋಡಿದಳು, ಬಾಲ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಎರೆಹುಳುವಿನ ಡಬ್ಬಿಯನ್ನು ನೋಡಿದೆ. ದಿನಾ ಒಂದು ಹತ್ತಕ್ಕೆ ಇವರ ಊಟ, ಇವತ್ತು ತಡವಾಯಿತು ಎಂದು ಬಾಮೈದನೇ ಮಾತು ತೆಗೆದ. ಬೆಳಗಿನ ಆರು ನಲವತ್ತಕ್ಕೆ ಡಿಪೋ ಬಿಟ್ಟು ಅವನ ಬಡಾವಣೆ ಸುತ್ತಿ ಬರುವ ಬಸ್ಸಿನಲ್ಲಿ ಬಂದು ಅವನು ಪಂಪು ಹಾಕುತ್ತಾನೆ, ನೀರು ಇಳಿಯುತ್ತದೆ. ಐದು ಗಂಟೆ ಹತ್ತು ನಿಮಿಷ ನಡೆಸಿ ನಿಲ್ಲಿಸುತ್ತಾನೆ, ಕಾಲುವೆಯಿಂದ ನೀರು ಬಂದು ಕೆರೆ ಏರುತ್ತದೆ. ಊಟ ಮಾಡಿ ಡಬ್ಬಿ ತೊಳೆಯುತ್ತಾನೆ, ತಾವು ಬರುತ್ತೀರಿ. ಆ ಆರು ನಲವತ್ತರ ಬಸ್ಸು ಮಾತ್ರ ಕೆಲವು ದಿನ ನಲವತ್ತು ನಿಮಿಷ ತಡ. ಯಾವ ದಿನ ಎಂದು ಮಗಳು ಕೇಳಿದಳು. ಭಾವ ರಜೆ ಹಾಕಿದ ದಿನ, ಅವರ ಬದಲಿಗೆ ಕೂರುವವರಿಗೆ ಗಂಟಲೇ ಇಲ್ಲ, ಚಾಲಕ ಎರಡನೇ ಟೀ ಮುಗಿಸಿಯೇ ಹೊರಡುವುದು ಎಂದು ಅವನು ಬಹಳ ಗೌರವದಿಂದ ಹೇಳಿದ.

ಅಂದರೆ ಮಾನ್ಯರೇ, ಆ ಕೆರೆಯ ಮಟ್ಟಿಗೆ ಚಂದ್ರ ನಾನೇ. ನಾಲ್ಕು ತಿಂಗಳು ಕನ್ನಡಕ ಒರೆಸಿ ಒರೆಸಿ ನಾನು ಕಂಡುಹಿಡಿದದ್ದು ನನ್ನದೇ ವೇಳಾಪಟ್ಟಿಯನ್ನು. ನಾನು ಕೂಗಿದರೆ ಇಳಿತ, ಕೂಗದಿದ್ದರೆ ತಡ. ತಮ್ಮನ್ನು ಹಿಡಿಯಲು ರಜೆ ಹಾಕಿದಾಗಲೆಲ್ಲ ನಾನೇ ತಮ್ಮ ಊಟವನ್ನು ಮುಂದಕ್ಕೆ ಹಾಕಿ, ಅದು ಬಡಿಸುವ ಮೊದಲೇ ಎದ್ದು ಮನೆಗೆ ಹೋಗುತ್ತಿದ್ದೆ. ಇದನ್ನು ಕೇಳಿ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮಗಳೆದುರು ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು. ಅವಳು ಕೊಟ್ಟ ಕೋಲಿನ ಕೊಕ್ಕೆಗೆ ಇವತ್ತಿನವರೆಗೆ ಒಂದು ಮೀನಿನ ತುಟಿಯೂ ತಾಗಿಲ್ಲವೆಂದು ಅವಳಿಗೆ ಗೊತ್ತಾಗಿಹೋಗಿತ್ತು.

ಅವಳು ನಗದೆ, ವಾರ್ಡಿನಲ್ಲಿ ರೋಗಿಗೆ ಹೇಳುವಂಥ ದನಿಯಲ್ಲಿ ಹೇಳಿದಳು:

“ಅಪ್ಪ, ನೀನು ಹಿಡಿದದ್ದು ಇವನ ಅಣ್ಣನ್ನ ಇರಬೇಕು. ಮುಖದ ಕಳೆ ಒಂದೇ ಥರ ಇದೆ.”

ಹೌದು, ಇಬ್ಬರಿದ್ದರು, ದೊಡ್ಡವರು ಹೋದ ತಿಂಗಳಿಂದ ಕಾಣುತ್ತಿಲ್ಲ ಎಂದು ಬಾಮೈದ ತಕ್ಷಣ ಸಾಕ್ಷಿ ಹೇಳಿದ. ದಿನವೂ ತಮಗೆ ಉಣಿಸುವವನು ಅವನು. ತಾವು ಒಬ್ಬರೇ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಸ್ಸು ಹೊರಡಿಸುವ ಈ ಗಂಟಲಿನಿಂದ, ಮಾನ್ಯರೇ, ಆ ಹೊತ್ತಿಗೆ ಒಂದು ಹೂಂ ಕೂಡ ಹೊರಡಲಿಲ್ಲ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ವಿನಮ್ರ ಬಿನ್ನಹವೇನೆಂದರೆ, ದಿವಂಗತರಾದವರು ತಮ್ಮ ಸ್ವಂತ ಅಣ್ಣನವರೇ ಎಂದೂ, ಬಾಲದ ಕಚ್ಚು ತಮ್ಮ ವಂಶದಲ್ಲಿ ತಲೆತಲಾಂತರದಿಂದ ಬಂದದ್ದೆಂದೂ ಒಂದು ದೃಢೀಕರಣ ಪತ್ರವನ್ನು, ಸಾಧ್ಯವಾದರೆ ತಮ್ಮ ಮೀಸೆಯ ಗುರುತು ಸಹಿತ, ಕೂಡಲೇ ದಯಪಾಲಿಸಬೇಕು. ಒದ್ದೆಯಾಗದ ಕಾಗದ ಬೇಕಿದ್ದರೆ ಡಿಪೋದಿಂದ ಕಳಿಸಿಕೊಡುತ್ತೇನೆ. ಅದು ಕಷ್ಟವೆನಿಸಿದರೆ, ಬಾಲದ ಆ ಎಸಳನ್ನು ಬರುವ ತಿಂಗಳೊಳಗೆ ಪೂರ್ತಿ ಬೆಳೆಸಿಕೊಂಡು ಬೇರೆಯವರಂತೆ ಕಾಣಿಸಿಕೊಳ್ಳುವುದು. ಎರಡೂ ಆಗದಿದ್ದರೆ, ಒಬ್ಬ ಅಣ್ಣನನ್ನು ಎಲ್ಲಿಂದಾದರೂ ಹುಟ್ಟಿಸಿಕೊಂಡು, ಅವರು ತೀರಿಹೋದ ದುಃಖದಲ್ಲಿ ಕೆಲವು ದಿನ ಊಟ ಬಿಡುವುದು. ನನ್ನ ಮನೆಯವಳು ಈ ವಿಷಯದಲ್ಲಿ ತಮ್ಮಿಂದ ಯಾವ ದಾಖಲೆಯೂ ಬೇಡವೆಂದಿದ್ದಾಳೆ. ತನ್ನ ಬಾಣಲೆಯಲ್ಲಿ ಏನು ಹುರಿದಿದೆ, ಏನು ಹುರಿದಿಲ್ಲ ಎಂಬುದು ತನಗೆ ಗೊತ್ತು ಎನ್ನುತ್ತಾಳೆ.

ಮೊನ್ನೆ ಭಾನುವಾರ ಮಗಳು ಫೋನು ಮಾಡಿ, ಎಂದಿನಂತೆ, ಮೀನು ಸಿಕ್ಕಿತೇ ಎಂದಳು. ಇಲ್ಲಮ್ಮಾ, ಇವತ್ತಿನ ತನಕ ಒಂದೂ ಸಿಕ್ಕಿಲ್ಲ ಎಂದೆ. ಅವಳು ಅವತ್ತಿನಷ್ಟೇ ನಕ್ಕಳು. ನಾನು ಸುಮ್ಮನೆ ಒಂದು ಮೊಳದ ಸುಳ್ಳು ದಂಡ ಮಾಡಿದ್ದೆ.

ತಮ್ಮ ಮೀಸೆಗೂ ಬಾಲಕ್ಕೂ ಮತ್ತೊಮ್ಮೆ ವಂದಿಸುತ್ತಾ, ಹನ್ನೆರಡು ರಜೆ ಕಳೆದುಕೊಂಡರೂ ತಮ್ಮ ಮೇಲಿನ ಅಭಿಮಾನ ಕಳೆದುಕೊಳ್ಳದ,

ತಮ್ಮ ವಿಶ್ವಾಸಿ,
ಆರು ನಲವತ್ತರ ಬಸ್ಸಿನ ಗುಮಾಸ್ತ

ಮರೆತ ಮಾತು: ಮುಂದಿನ ತಿಂಗಳ ಹದಿನಾಲ್ಕಕ್ಕೆ ಮಗಳಿಗೆ ಮತ್ತೆ ರಜೆ, ಮೀನಿಗೆ ಉಣಿಸಬೇಕಂತೆ. ಅಂದು ಬೆಳಿಗ್ಗೆ ನಾನು ಡಿಪೋಗೆ ಹೋಗಿ, ಕೂಗಿ, ಬಸ್ಸು ಹೊರಟ ಮೇಲೆಯೇ ರಜೆ ಆರಂಭಿಸುತ್ತೇನೆ. ತಾವು ಒಂದು ಹತ್ತಕ್ಕೆ ಸರಿಯಾಗಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ಆರು ನಲವತ್ತರ ಬಸ್ಸನ್ನು ಸಂಜೆಗೆ ವರ್ಗಾಯಿಸುವ ಅಧಿಕಾರ ನನ್ನ ಪೆನ್ನಿನಲ್ಲಿದೆ, ಆಮೇಲೆ ತಮ್ಮ ಮಧ್ಯಾಹ್ನದ ಊಟವನ್ನು ಚಂದ್ರನನ್ನೇ ಕೇಳಿಕೊಳ್ಳಿ. ಗಾಳ ತರುವುದಿಲ್ಲ. ನನ್ನ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಬೇಸರವೇನಿಲ್ಲ, ಮೀನಿನ ವಿಷಯದಲ್ಲಿ ಅದನ್ನು ಈಗ ನನ್ನ ಮನೆಯಲ್ಲೂ ಯಾರೂ ನಂಬುವುದಿಲ್ಲ.