ಎಡಗೈಗೆ ಕಂಬಳಿ, ಬಲಗೈಗೆ ಚರ್ಮ

ಭದ್ರಾವತಿಯಲ್ಲಿ ಆ ವರ್ಷ ಯುಗಾದಿ ಕಳೆಯುವುದರೊಳಗೇ ಕಾಗೆಗಳು ಬಾಯಿ ತೆರೆದುಕೊಂಡು ಕೂರುವಂಥ ಬಿಸಿಲು. ಊರಿಗೆ ಊರೇ ಬೀಸಣಿಗೆ ಹಿಡಿದು ಕೂತಿರುವಾಗ ಸುವರ್ಣಮ್ಮನೊಬ್ಬಳಿಗೆ ಚಳಿಯ ಚಿಂತೆ ಹತ್ತಿತ್ತು. ಚಳಿ ಅವಳಿಗಲ್ಲ, ಅವಳ ಗಂಡ ಷಣ್ಮುಖಪ್ಪನ ಕೈಗೆ. ಗಂಡನ ಕೈ ಬೆಚ್ಚಗಿರಲಿ ಎಂದು ಆ ಬೇಸಗೆಯಲ್ಲಿ ಅವಳು ಪಟ್ಟ ಪಾಡು ಕೇಳಿದರೆ ನಿಮಗೂ ಬೆವರು ಬಂದೀತು.

ಷಣ್ಮುಖಪ್ಪ ಶಿವಮೊಗ್ಗದವನು. ಅಣ್ಣನ ಬೆಲ್ಲದ ಮಂಡಿಯಲ್ಲಿ ಕೂತು ನೊಣ ಓಡಿಸುತ್ತಿದ್ದವನನ್ನು (ಅದಕ್ಕಿಂತ ದೊಡ್ಡ ಅಧಿಕಾರ ಅಲ್ಲಿ ಅವನಿಗಿರಲಿಲ್ಲ) ಸಾಹುಕಾರ ಭೂತಪ್ಪ ಭದ್ರಾವತಿಗೆ ಕರೆಸಿ ತನ್ನ ಹೊಸ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಕೊಟ್ಟಿದ್ದ. ತಗಡಿನ ಡಬ್ಬದಲ್ಲಿ ಹೆಪ್ಪುಗಟ್ಟಿದ ಐಸಿನ ಗಡ್ಡೆಯನ್ನು ಎಳೆದು ತೆಗೆಯುವುದು, ಮರದ ಹೊಟ್ಟು ಮೆತ್ತಿ ಗೋಣಿತಾಟು ಸುತ್ತುವುದು, ಬೆಳಗಿನ ರೈಲಿಗೆ ಹಾಕಿ ಶಿವಮೊಗ್ಗದ ಸೋಡಾ ಅಂಗಡಿಗಳಿಗೆ ಕಳಿಸುವುದು. ಹೇಳುವುದಕ್ಕೆ ಸುಲಭ. ಗಡ್ಡೆಯೋ, ಮೈಗೆ ಎಣ್ಣೆ ಹಚ್ಚಿಕೊಂಡ ಪೈಲ್ವಾನನ ಹಾಗೆ. ಹಿಡಿದರೆ ಕೈ ಮರಗಟ್ಟುತ್ತದೆ, ಮರಗಟ್ಟಿದ ಕೈಯಿಂದ ಜಾರುತ್ತದೆ, ಜಾರಿದ್ದು ನೆಲದ ಮೇಲೆ ಬೀಳುವುದು ಬಿಟ್ಟು ಹೆಬ್ಬೆರಳನ್ನೇ ಹುಡುಕಿಕೊಂಡು ಬೀಳುತ್ತದೆ.

ಆದರೂ ಸುವರ್ಣಮ್ಮನಿಗೆ ಆ ಕೆಲಸವೆಂದರೆ ಪ್ರಾಣ. ಶಿವಮೊಗ್ಗದ ಮನೆಯಲ್ಲಿ ಅಡಿಗೆಮನೆಯ ಸಾಮ್ರಾಜ್ಯ ಓರಗಿತ್ತಿ ವಸಂತಮ್ಮನದು. ಸುವರ್ಣಮ್ಮ ತರಕಾರಿ ಹೆಚ್ಚಬಹುದು, ಹಿಟ್ಟು ನಾದಬಹುದು, ಪಾತ್ರೆ ಬೆಳಗಬಹುದು; ಒಲೆಯ ಮುಂದೆ ಮಾತ್ರ ಕೂರುವಂತಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಸಾರಿಗೆ ಒಂದು ಹರಳು ಉಪ್ಪು ಹಾಕಿದವಳಲ್ಲ. ಭದ್ರಾವತಿಯ ಈ ಗೂಡಿನಂಥ ಬಾಡಿಗೆ ಮನೆಯಲ್ಲಿ ಒಲೆ ಅವಳದು, ಉಪ್ಪಿನ ಮಡಕೆ ಅವಳದು. ಮೊದಲ ದಿನ ಸಂತೋಷ ತಡೆಯಲಾರದೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದಳು. ಷಣ್ಮುಖಪ್ಪ ತುಟಿ ಪಿಟಕ್ಕೆನ್ನದೆ ಉಂಡು, ಸಂಜೆಯವರೆಗೂ ನೀರು ಕುಡಿಯುತ್ತಿದ್ದ.

ಮಗನ ಜೊತೆ ಬಂದಿದ್ದ ಅತ್ತೆ ಹಾಲಮ್ಮನಿಗೆ ಮಾತ್ರ ಈ ಐಸಿನ ಕೆಲಸ ಮೊದಲಿಂದಲೂ ಹಿಡಿಸಿರಲಿಲ್ಲ. ಒಂದು ದಿನ ಷಣ್ಮುಖಪ್ಪ ಗಡ್ಡೆಯನ್ನು ರೈಲಿಗೆ ಹಾಕಿ ಬಂದು, ಸ್ನಾನ ಮಾಡಿ, ವಿಭೂತಿ ಧರಿಸಿ ಲಿಂಗಪೂಜೆಗೆ ಕೂತ. ಇಷ್ಟಲಿಂಗ ಕೂರುವುದು ಎಡ ಅಂಗೈಯಲ್ಲಿ. ಆ ಅಂಗೈಗೆ ಹಿಡಿದ ಜೋಮು ಇನ್ನೂ ಬಿಟ್ಟಿರಲಿಲ್ಲ. ನೀರೆರೆಯುವ ಹೊತ್ತಿಗೆ ಕೈ ಗಡಗಡ ನಡುಗಿತು, ಲಿಂಗ ಅಂಗೈಯ ಅಂಚಿನವರೆಗೂ ಸರಿಯಿತು. ಬಾಗಿಲಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಹಾಲಮ್ಮ ಅದು ಹೇಗೆ ಎದ್ದಳೋ, ಹೇಗೆ ಬಂದಳೋ, ಸೆರಗೊಡ್ಡಿ ನಿಂತಿದ್ದಳು. ಬೀಳಲಿಲ್ಲ, ಪುಣ್ಯ. ಬಿದ್ದಿದ್ದರೆ ಏನಾಗುತ್ತಿತ್ತೆಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ಪೂಜೆ ಮುಗಿಯುವವರೆಗೆ ಕಾದು ಹಾಲಮ್ಮ ತೀರ್ಪು ಕೊಟ್ಟಳು.

"ಲಿಂಗ ಹಿಡಿಯೋ ಕೈ ಕಣೋ ಅದು. ಇನ್ನೊಂದ್ಸಲ ನಡುಗ್ಲಿ, ಅವತ್ತೇ ಗಂಟು ಕಟ್ಟಿ ಶಿವಮೊಗ್ಗಕ್ಕೆ ಹೊರಡೋದು. ವಸಂತ ನಮಗೆ ಒಂದು ತುತ್ತು ಹಾಕ್ದೆ ಇರ್ತಾಳಾ?"

ಸುವರ್ಣಮ್ಮನಿಗೆ ಆ ತುತ್ತು ಕಣ್ಣ ಮುಂದೆ ಕಟ್ಟಿತು. ಅದಕ್ಕೆ ಉಪ್ಪು ಹಾಕಿದವಳು ವಸಂತಮ್ಮ.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುವಳು, ಬಾಗಿಲಿಗೆ ಬಂದದ್ದೇಕೆಂದು ಮರೆತು ಹಿತ್ತಿಲಿಗೆ ಹೋಗುವಳು, ಅಷ್ಟರಲ್ಲಿ ಹಾಲು ತನ್ನ ಪಾಡಿಗೆ ತಾನು ಉಕ್ಕಿ ಒಲೆ ಆರಿಸಿರುತ್ತಿತ್ತು. ಕೊನೆಗೆ ಹಾಲು ಸೀದ ವಾಸನೆಯ ನಡುವೆಯೇ ಅವಳಿಗೆ ಜ್ಞಾನೋದಯವಾಯಿತು. ಕಾಲಿಗೆ ಚಪ್ಪಲಿ ಇರುವ ಹಾಗೆ ಕೈಗೂ ಏನಾದರೊಂದು ಬೇಕು.

ಮೊದಲು ಗೋಣಿತಾಟಿನಲ್ಲಿ ಎರಡು ಚೀಲ ಹೊಲಿದಳು. ಅವು ಗಡ್ಡೆಯ ನೀರನ್ನೆಲ್ಲ ಕುಡಿದು ತಾವೇ ಗಡ್ಡೆಯಾದವು. ಆಮೇಲೆ ಪೇಟೆಗೆ ಹೋಗಿ, ಕೈ ಬೆಚ್ಚಗಿಡುವಂಥದ್ದು ಏನಿದೆ ಎಂದು ಕೇಳಿದಳು. ಅಂಗಡಿಯವನು ಹಣೆಯ ಬೆವರು ಒರೆಸಿಕೊಂಡು ಅವಳನ್ನು ನೋಡಿ, ಜ್ವರ ಬಂದು ಎಷ್ಟು ದಿನವಾಯಿತು ಎಂದು ವಿಚಾರಿಸಿದ. ರಬ್ಬರಿನದು ಆದೀತೆಂದು ಯಾರೋ ಹೇಳಿದರು. ರಬ್ಬರೆಲ್ಲ ಯುದ್ಧಕ್ಕೆ ಹೋಗಿದೆ ಎಂದು ಇನ್ಯಾರೋ ಹೇಳಿದರು. ಎಲ್ಲಿಯ ಜರ್ಮನಿ, ಎಲ್ಲಿಯ ಷಣ್ಮುಖಪ್ಪನ ಎಡಗೈ! ಈ ಯುದ್ಧ ತನ್ನ ಒಲೆಯ ತನಕ ಬಂತಲ್ಲ ಎಂದು ಅವಳು ನಿಟ್ಟುಸಿರು ಬಿಟ್ಟಳು.

ಪಕ್ಕದ ಮನೆಯ ಹಿರಿಯಣ್ಣ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುವವನು. ಅವನ ಮನೆಯ ಗೂಟದಲ್ಲಿ ಚರ್ಮದ ಹಳೆಯ ಕೈಗವಸು ಒಂದು ಜೊತೆ ನೇತಾಡುವುದನ್ನು ಅವಳು ನೋಡಿದ್ದಳು. ಬೆಂಕಿಯನ್ನೇ ತಡೆಯುವುದು ಚಳಿಯನ್ನು ತಡೆಯದೇ? ಕೇಳಿ ತಂದಳು. ಒಂದೊಂದೂ ಒಂದೊಂದು ಮೊರದಷ್ಟಿತ್ತು. ಷಣ್ಮುಖಪ್ಪ ತೊಟ್ಟುಕೊಂಡು ಕೈ ಚಾಚಿದರೆ ಯಕ್ಷಗಾನದ ರಾಕ್ಷಸ ರಂಗಕ್ಕೆ ಬಂದಂತಿತ್ತು.

ಹಾಲಮ್ಮ ಹೊಸ್ತಿಲಲ್ಲೇ ತಡೆದಳು. ಲಿಂಗ ಹಿಡಿಯುವ ಕೈಗೆ ಚರ್ಮ ತೊಡಿಸುತ್ತೀಯಾ ಎಂದು ಶುರುವಾದದ್ದು ಸುವರ್ಣಮ್ಮನ ತವರಿನ ಆಚಾರ ವಿಚಾರದವರೆಗೂ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ತಂಗಿ ವಾಪಸ್ಸು ಬಂತು.

"ಎಡಗೈ ತಾನೇ ಅತ್ತೆ, ಬಿಡಿ," ಎಂದಳು ಸುವರ್ಣಮ್ಮ ತಾಳ್ಮೆಯಿಂದ. "ಬಲಗೈಗೆ ಇದೇ ಇರ್ಲಿ. ಎಡಗೈಗೆ ಉಣ್ಣೇದು ಆದ್ರೆ ಅಡ್ಡಿ ಇಲ್ವಲ್ಲ?"

ಹಾಲಮ್ಮ ಯೋಚಿಸಿದಳು. ಉಣ್ಣೆ ಮಡಿ, ಅದಕ್ಕೆ ಯಾರೂ ತಕರಾರು ತೆಗೆಯುವಂತಿಲ್ಲ. ಚರ್ಮದ್ದು ಮನೆಯೊಳಗೆ ಬಾರದೆ ಹೊರಗಿನ ಮೊಳೆಯಲ್ಲೇ ಇರಬೇಕು ಎಂಬ ಕರಾರಿನ ಮೇಲೆ ರಾಜಿಯಾಯಿತು.

ಇಷ್ಟಕ್ಕೆಲ್ಲ ಉಣ್ಣೆ ಎಲ್ಲಿಂದ ಬರಬೇಕು? ಮನೆಯಲ್ಲಿದ್ದದ್ದು ಒಂದೇ ಒಂದು ಕಂಬಳಿ. ಹಾಲಮ್ಮನದು. ಬೇಸಗೆಯಾದ್ದರಿಂದ ಬೇವಿನ ಸೊಪ್ಪು ಹಾಕಿಸಿಕೊಂಡು ಟ್ರಂಕಿನ ತಳದಲ್ಲಿ ನಿದ್ದೆ ಮಾಡುತ್ತಿತ್ತು. ಹಾಲಮ್ಮ ಮಠಕ್ಕೆ ಹೋದ ಹೊತ್ತು ನೋಡಿ ಸುವರ್ಣಮ್ಮ ಅದನ್ನು ಹರವಿ, ಗಂಡನ ಅಂಗೈ ಇಟ್ಟು ಇದ್ದಲಿನಿಂದ ಸುತ್ತ ಗೆರೆ ಎಳೆದು, ಹಿಂದಕ್ಕೊಂದು ಮುಂದಕ್ಕೊಂದು ಎರಡು ಕೈ ಕತ್ತರಿಸಿದಳು. (ಬಲಗೈಗೂ ಕತ್ತರಿಸಬಹುದಿತ್ತು. ಆದರೆ ನಾಲ್ಕು ಕೈ ಹೋದ ಮೇಲೆ ಅದನ್ನು ಕಂಬಳಿ ಎನ್ನುವುದು ಕಷ್ಟ.)

"ಅಮ್ಮ ನೋಡಿದ್ರೆ?" ಎಂದ ಷಣ್ಮುಖಪ್ಪ.

"ಮಳೆ ಬರೋವರ್ಗೂ ಯಾರು ಬಿಚ್ತಾರೆ? ಸಂತೇಲಿ ಕುರುಬರ ಹತ್ರ ತಗಂಡೆ ಅಂತೀನಿ. ನೀವು ಸುಮ್ನೆ ಬೆರಳು ಅಗಲಿಸಿ."

ಹಾಗೆ ಷಣ್ಮುಖಪ್ಪ ಎಡಗೈಗೆ ಕಂಬಳಿ, ಬಲಗೈಗೆ ಚರ್ಮ ತೊಟ್ಟು ಫ್ಯಾಕ್ಟರಿಗೆ ಹೋದ. ಬಂದು ಪೂಜೆಗೆ ಕೂತ. ಅಂಗೈ ಕಲ್ಲಿನ ಹಾಗೆ ನಿಂತಿತು. ಹಾಲಮ್ಮ ಮೊದಲ ಸಲ ಸೊಸೆಯನ್ನು ಹೊಗಳಿದಳು. ಸುವರ್ಣಮ್ಮ ಆ ದಿನ ಪಾಯಸ ಮಾಡಿದಳು.

ತೊಂದರೆ ಬಂದದ್ದು ಎರಡನೆಯ ದಿನ. ಎಡಗೈಯ ಗವಸು ನೆನೆದಿತ್ತು, ಆಗತಾನೆ ಡಬ್ಬದಿಂದ ಎದ್ದ ಗಡ್ಡೆಗೆ ಅಂಟಿಕೊಂಡಿತು. ಷಣ್ಮುಖಪ್ಪ ಕೈ ಎಳೆದರೆ ಕೈ ಮಾತ್ರ ಬಂತು. ಗವಸು ಗಡ್ಡೆಯ ಜೊತೆ ಶಿವಮೊಗ್ಗಕ್ಕೆ ಹೋಗಿ, ಯಾವುದೋ ಸೋಡಾ ಅಂಗಡಿ ನೋಡಿಕೊಂಡು, ಮಾರನೆಯ ದಿನ ಗಾರ್ಡಿನ ಕೈಯಲ್ಲಿ ವಾಪಸ್ಸು ಬಂತು. ಸುವರ್ಣಮ್ಮ ಗಡ್ಡೆಯ ತಪ್ಪನ್ನು ಗಡ್ಡೆಯ ಮೇಲೆ ಹಾಕಲಿಲ್ಲ. ಕೊಡೆ, ಟವಲ್ಲು, ಒಂದು ಸಲ ಎರಡೂ ಚಪ್ಪಲಿ ಕಳೆದುಕೊಂಡು ಬಂದಿದ್ದ ಗಂಡ ಇವನು. ಇದನ್ನೂ ಬಿಟ್ಟು ಬಂದಿದ್ದಾನೆ, ಅಷ್ಟೆ. ಅದಕ್ಕೆ ಮದ್ದು ಅವಳಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಗವಸನ್ನು ತೊಡಿಸಿ, ಗೋಣಿದಬ್ಬಣ ತೆಗೆದುಕೊಂಡು, ಅಂಗಿಯ ತೋಳಿಗೆ ಸೇರಿಸಿ ಮಣಿಕಟ್ಟಿನ ಸುತ್ತ ಬಿಗಿಯಾಗಿ ಹೊಲಿದೇಬಿಟ್ಟಳು. ಸೆಣಬಿನ ದಾರ, ಎರಡು ಸುತ್ತು.

"ಮೂಗು ಕೆರೆದ್ರೆ ಹೆಂಗೇ?" ಎಂದ ಅವನು.

"ಬಲಗೈ ಇದೆಯಲ್ಲ."

ಬಲಗೈಯಲ್ಲಿ ಮೊರ ಇತ್ತು. ಷಣ್ಮುಖಪ್ಪ ಮೂಗಿನ ಮಾತನ್ನು ಅಲ್ಲಿಗೇ ಬಿಟ್ಟ.

ಆ ದಿನವೇ ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರದ ದೊಡ್ಡ ಮನೆಯೊಂದರ ಮದುವೆ. ಪಾನಕಕ್ಕೆ ಐಸ್ ಬೇಕು, ಅದೂ ಚೂರಲ್ಲ, ಬೀಗರು ನೋಡುವ ಹಾಗೆ ಇಡೀ ಗಡ್ಡೆ. ಅಲ್ಲಿಯವರೆಗೆ ಒಂದೇ ಒಂದು ಗಡ್ಡೆಯೂ ಮೂಲೆ ಮುರಿಯದೆ ಶಿವಮೊಗ್ಗ ಕಂಡಿರಲಿಲ್ಲ. ಇದೊಂದು ಜಾರಿದರೆ ನೀನೂ ಜಾಗ ಖಾಲಿ ಮಾಡು ಎಂದು ಭೂತಪ್ಪ ಮೊದಲೇ ಹೇಳಿದ್ದ. ಸುವರ್ಣಮ್ಮ ಒಲೆಯ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. ರೈಲು ಕೂಗಿ ಹೋಯಿತು. ಗಂಡ ಬರಲಿಲ್ಲ. ಸ್ನಾನದ ನೀರು ಆರಿತು, ಬಿಸಿಲು ಜಗಲಿ ಹತ್ತಿತು, ಹಾಲಮ್ಮ ನಾಲ್ಕು ಸಲ ಕೇಳಿದಳು. ಕಡೆಗೆ ಪಾಳಿ ಮುಗಿಸಿದ ಹಿರಿಯಣ್ಣ ಬಂದ. ನಗು ತಡೆದುಕೊಂಡು ಅವನ ಮುಖ ಕುಲುಮೆಯಷ್ಟು ಕೆಂಪಾಗಿತ್ತು.

"ಸುವರ್ಣಕ್ಕ, ಗಾಬರಿ ಆಗ್ಬ್ಯಾಡಿ. ನಿಮ್ಮನೆಯವ್ರು ಗಡ್ಡೆ ಜತೆ ರೈಲು ಹತ್ತಿದ್ರು."

"ಯಾಕೆ?"

"ಗಡ್ಡೆ ಬಿಡ್ಲಿಲ್ಲ."

ಆದದ್ದು ಇಷ್ಟು. ಕಂಬಳಿಯ ಕೈ ಗಡ್ಡೆಗೆ ಕಚ್ಚಿಕೊಂಡಿತ್ತು, ಚರ್ಮದ ಕೈ ಜಾರುತ್ತಿತ್ತು. ಒಂದು ಕೈ ಬಿಡಲೊಲ್ಲದು, ಇನ್ನೊಂದು ಹಿಡಿಯಲೊಲ್ಲದು. ಗವಸು ಬಿಚ್ಚೋಣವೆಂದರೆ ಸುವರ್ಣಮ್ಮನ ಹೊಲಿಗೆ. ಯಾರೋ ಚಾಕು ತಂದರು. ಚಾಕು ತಾಗಿ ಗಡ್ಡೆ ಸೀಳೀತು ಎಂದು ಭೂತಪ್ಪ ಅಡ್ಡ ಬಂದ (ಷಣ್ಮುಖಪ್ಪನ ಕೈ ಸೀಳೀತು ಎಂದಲ್ಲ). ಅಷ್ಟರಲ್ಲಿ ರೈಲು ಬಂತು. "ಕೈ ಸಮೇತ ಕಟ್ರೋ" ಎಂದು ಅಪ್ಪಣೆಯಾಯಿತು. ಹೊಟ್ಟು ಮೆತ್ತಿದರು, ಗೋಣಿತಾಟು ಸುತ್ತಿದರು, ಗಡ್ಡೆಯನ್ನೂ ಷಣ್ಮುಖಪ್ಪನನ್ನೂ ಸಾಮಾನಿನ ಡಬ್ಬಿಗೆ ಏರಿಸಿದರು.

ಹಾಲಮ್ಮ ಎದ್ದು ಒಳಗೆ ಹೋದಳು. ಪಾತ್ರೆಗಳನ್ನು ಗೋಣಿಗೆ ತುಂಬುವ ಸದ್ದು ಕೇಳಿಸಿತು. ಸುವರ್ಣಮ್ಮ ಉಪ್ಪಿನ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಸಂಜೆ ರೈಲಿಗೆ ಷಣ್ಮುಖಪ್ಪ ಬಂದ. ಅಳುತ್ತ ಅಲ್ಲ, ತಲೆಗೆ ಹೊಸ ರುಮಾಲು, ಕೈಯಲ್ಲಿ ಬೂಂದಿಯ ಪೊಟ್ಟಣ. ಮದುವೆಮನೆಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಹೆಂಗಸರೆಲ್ಲ ಸೇರಿ ಬಿಸಿನೀರು ಸುರಿದು ಬಿಡಿಸಿದ್ದರಂತೆ. ಬೀಗರು ಐಸಿಗಿಂತ ಹೆಚ್ಚಾಗಿ ಅವನನ್ನೇ ನೋಡಿದರಂತೆ. ಅದಿರಲಿ, ಗಡ್ಡೆಯ ಒಂದು ಮೂಲೆಯೂ ಮುರಿದಿರಲಿಲ್ಲ. ಬಿಡಲಾಗದವನು ಬೀಳಿಸುವುದು ಹೇಗೆ? ಅದೇ ರೈಲಿನಲ್ಲಿ ಮದುವೆಗೆ ಹೋಗಿದ್ದ ಭೂತಪ್ಪ ಅಲ್ಲೇ ಬೆನ್ನು ತಟ್ಟಿದ್ದ. ಕೆಲಸ ಉಳಿಯಿತು, ಕೈ ನಡುಗಲಿಲ್ಲ. ಸುವರ್ಣಮ್ಮ ಮಡಕೆಯನ್ನು ಅದರ ಜಾಗದಲ್ಲಿಟ್ಟು, ಕಣ್ಣೊರೆಸಿಕೊಂಡು ಒಲೆ ಹೊತ್ತಿಸಲು ಬಗ್ಗಿದಳು.

"ಇನ್ನೂ ಕೇಳೇ," ಎಂದ ಷಣ್ಮುಖಪ್ಪ. "ಶಿವಮೊಗ್ಗ ಸ್ಟೇಷನ್ನಲ್ಲಿ ಗಡ್ಡೆ ಇಳಿಸ್ಕಳ್ಳೋಕೆ ನಂಬಿಕಸ್ಥ ಬೇಕಂತೆ. ನೀನೇ ಆಗು ಅಂದ್ರು ಸಾಹುಕಾರ್ರು. ಸೋಮವಾರದಿಂದ ಅಲ್ಲೇ. ಮನೆ ಹುಡುಕೋ ತಾಪತ್ರಯನೂ ಇಲ್ಲ, ಅಣ್ಣನ ಮನೆ ಇದೆಯಲ್ಲ."

ಊದುಗೊಳವೆ ಸುವರ್ಣಮ್ಮನ ಬಾಯಲ್ಲೇ ಉಳಿಯಿತು. ಹಾಲಮ್ಮ ಒಳಗಿನಿಂದ, ಪಾತ್ರೆ ತುಂಬಿದ್ದು ಒಳ್ಳೆಯದೇ ಆಯಿತು ಎಂದಳು.

ಮೊದಲ ಮಳೆ ಬಂದದ್ದು ಅವರು ಶಿವಮೊಗ್ಗ ಸೇರಿದ ವಾರ. ಹಾಲಮ್ಮ ಟ್ರಂಕು ತೆಗೆಸಿ ಕಂಬಳಿ ಬಿಡಿಸಿ ಹೊದ್ದುಕೊಂಡಳು. ಬೆನ್ನಿಗೆ ತಣ್ಣಗೆ ಗಾಳಿ ಬಿತ್ತು. ತೆಗೆದು ಬೆಳಕಿಗೆ ಹಿಡಿದಳು. ಎರಡು ಕೈಗಳು, ಐದೈದು ಬೆರಳು ಅಗಲಿಸಿಕೊಂಡು, ಯಾರನ್ನೋ ನಿಲ್ಲು ನಿಲ್ಲು ಎನ್ನುವ ಹಾಗೆ ಕಂಡವು. ಆ ತೂತಿನೊಳಗಿಂದ ಅವಳು ಸೊಸೆಯನ್ನು ಬಹಳ ಹೊತ್ತು ನೋಡಿದಳು. ಸಂತೆಯ ಕುರುಬರ ಕಥೆ ಅಲ್ಲಿಗೆ ಮುಗಿಯಿತು. ಹಾಲಮ್ಮ ಕಂಬಳಿಯನ್ನು ಮಡಿಸಿ ತನ್ನ ಕೋಣೆಗೆ ಒಯ್ದಳು. ಬೈದಿದ್ದರೆ ಸುವರ್ಣಮ್ಮನಿಗೆ ಹಗುರವಾಗುತ್ತಿತ್ತು.

ಒಲೆಯ ಮುಂದೆ ವಸಂತಮ್ಮ ಕೂತಿದ್ದಳು. ಎಡಗೈಗೆ ಷಣ್ಮುಖಪ್ಪ ಕಳಚಿಟ್ಟಿದ್ದ ಕಂಬಳಿಯ ಗವಸು ತೊಟ್ಟು, ಕುದಿಯುವ ಸಾರಿನ ಪಾತ್ರೆಯನ್ನು ಸಲೀಸಾಗಿ ಇಳಿಸಿದಳು. ಮಸಿಬಟ್ಟೆ ಮೂಲೆಗೆ ಬಿದ್ದಿತ್ತು. ಬಲಗೈಯಿಂದ ಉಪ್ಪು ತೆಗೆದು ಸಾರಿಗೆ ಹಾಕಿ, ತಿರುಗಿ ನೋಡಿದಳು.

"ಪಸಂದಾಗಿ ಹೊಲಿದಿದೀಯ ಮಾರಾಯ್ತಿ. ಬಲಗೈಗೂ ಒಂದು ಹೊಲಿ. ಕಂಬಳಿ ಹೆಂಗೂ ತೂತಾಗಿದೆ."

ಸುವರ್ಣಮ್ಮ ಹೆಚ್ಚುತ್ತಿದ್ದ ಸೌತೆಕಾಯಿ ಕೆಳಗಿಟ್ಟು, ಅತ್ತೆಯ ಕೋಣೆಯ ಕಡೆ ನೋಡಿ, ದಬ್ಬಣ ಹುಡುಕಲು ಎದ್ದಳು.